ಮಾರುವುದೂ ಇಲ್ಲ, ಕೊಡುವುದೂ ಇಲ್ಲ

ನಾನು ಈ ಕೆಲಸ ಕಲಿತದ್ದು ಬಸವಕಲ್ಯಾಣದಲ್ಲಿ, ಕದ್ದ ಸಾಫ್ಟ್‌ವೇರಿನ ಮೇಲೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಾನು ಒಂದು ಕಂಪನಿಯ ಮೇಲೆ ಸಿಟ್ಟು ಮಾಡಿಕೊಳ್ಳುವವಳಿದ್ದೇನೆ. ಸಿಟ್ಟು ಮಾಡುವವಳ ಕೈ ಶುದ್ಧವಾಗಿತ್ತೇ ಎಂದು ಓದಿದವರು ಕೇಳಿಯೇ ಕೇಳುತ್ತಾರೆ. ಇರಲಿಲ್ಲ.

ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ ಅದು. ಅಪ್ಪನ ಕಿರಾಣಿ ಅಂಗಡಿಯ ಪಕ್ಕದಲ್ಲೇ ಒಂದು ಪ್ರೆಸ್ ಇತ್ತು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಮಠದ ಕಾರ್ಯಕ್ರಮದ ಕರಪತ್ರ, ಇಷ್ಟೇ ಅಲ್ಲಿಯ ಕೆಲಸ. ಒಂದೇ ಕಂಪ್ಯೂಟರ್. ಪ್ರೆಸ್ಸಿನ ಯಜಮಾನರು ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲೇ ಕಣ್ಣು ಮುಚ್ಚುತ್ತಿದ್ದರು. ಅವರು ಏಳುವ ತನಕ ಕಂಪ್ಯೂಟರ್ ನನ್ನದು. ಯಾರೂ ಕಲಿಸಲಿಲ್ಲ. ಒಂದೊಂದೇ ಗುಂಡಿ ಒತ್ತಿ, ಏನಾಯಿತು ನೋಡಿ, ಹೆದರಿ, ಹಿಂದಕ್ಕೆ ಬಂದು ಕಲಿತೆ. ಗೆರೆಯೊಂದನ್ನು ಎರಡು ಚುಕ್ಕೆಗಳ ನಡುವೆ ಎಳೆದು, ಮೌಸಿನಿಂದ ಜಗ್ಗಿದರೆ ಅದು ಬಿಲ್ಲಿನ ಹಾಗೆ ಬಾಗುತ್ತದೆ ಎಂದು ಗೊತ್ತಾದ ದಿನ ಊಟ ಸೇರಿರಲಿಲ್ಲ ನನಗೆ.

ಯಜಮಾನರು ಒಂದು ದಿನ ಎಚ್ಚರವಾಗಿಯೇ ಇದ್ದು ನನ್ನ ಕೆಲಸ ನೋಡಿದರು. ಆಮೇಲೆ ಹೇಳಿದರು: "ತಂಗೀ, ಇದು ಖರೇ ಮಾಲಲ್ಲ ನೋಡು. ಹೈದರಾಬಾದಿಂದ ಯಾರೋ ಸಿಡಿ ತಂದು ಹಾಕಿ ಹೋಗ್ಯಾರ. ನೀ ಕಲಿ. ಕಲ್ತು ನಿಂದೇ ಧಂದಾ ಆದಮ್ಯಾಗ ಖರೇದು ತಗೋ. ಅಲ್ಲಿತನಕ ಏನೂ ಮಾಡಾಕ ಬರಂಗಿಲ್ಲ."

ಹಾಗೆಯೇ ಮಾಡಿದೆ. ಮದುವೆಯಾಗಿ ಹುಮನಾಬಾದಿಗೆ ಬಂದು, ಎರಡು ಮಕ್ಕಳಾಗಿ, ಬಸ್ ನಿಲ್ದಾಣದ ಕಡೆಗೆ ಒಂದು ಮಳಿಗೆ ಹಿಡಿದು ನನ್ನದೇ ಡಿಸೈನ್ ಅಂಗಡಿ ತೆರೆದಾಗ, ನಾನು ತರಿಸಿದ ಮೊದಲ ವಸ್ತು ಅದೇ ಕಂಪನಿಯ ಅದೇ ಸಾಫ್ಟ್‌ವೇರ್. ದಪ್ಪ ರಟ್ಟಿನ ಡಬ್ಬಿ, ಒಳಗೆ ಡಿಸ್ಕು, ಒಂದು ಚೀಟಿಯ ಮೇಲೆ ಉದ್ದದ ನಂಬರು. ನನ್ನ ಮೈದುನ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹುಚ್ಚು ಹಿಡದದೇನ್ ವೈನೀ? ಪುಕಟ್ ಸಿಗೂ ಮಾಲಿಗಿ ಯಾರರೆ ರೊಕ್ಕಾ ಕೊಡ್ತಾರೇನು?"

ಕೊಟ್ಟೆ. ಬೇರೆ ಕಂಪನಿಯದ್ದು ಇನ್ನೂ ಕಡಿಮೆಗೆ ಸಿಗುತ್ತಿತ್ತು, ಅದರ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೈ ಬಲ್ಲದ್ದು ಇದನ್ನೇ. ಕಂಪನಿಯವರು ಈ ವ್ಯಾಪಾರಕ್ಕೆ ಒಂದು ಜಾಹೀರಾತೂ ಮಾಡಿರಲಿಲ್ಲ. ಮಾಡಿದವರು ಮಧ್ಯಾಹ್ನ ನಿದ್ದೆ ಹೋಗುತ್ತಿದ್ದ ಆ ಯಜಮಾನರು.

ವರ್ಷಗಳು ಕಳೆದ ಮೇಲೆ ಡಬ್ಬಿಯ ಕಾಲ ಮುಗಿಯಿತು. ಈಗ ತಿಂಗಳು ತಿಂಗಳು ಬಾಡಿಗೆಯ ಹಾಗೆ ಕಟ್ಟುವುದು. ಕಲಬುರಗಿಯ ದೊಡ್ಡ ಪ್ರೆಸ್ಸಿನವರು ಹೊಸ ಆವೃತ್ತಿಯ ಫೈಲೇ ಬೇಕೆಂದು ಹಟ ಹಿಡಿದಾಗ ನಾನೂ ಅದಕ್ಕೆ ಸೇರಿಕೊಂಡೆ. ಹಳೆಯ ಡಬ್ಬಿ ಅಲ್ಮಾರಿಯ ಮೇಲೆ ಹೋಯಿತು.

ಅದನ್ನು ಕೆಳಗಿಳಿಸುವ ಹಾಗೆ ಮಾಡಿದವಳು ದುಬಲಗುಂಡಿಯ ಒಬ್ಬ ಹುಡುಗಿ. ಹುಡುಗಿ ಎಂದರೂ ಅವಳಿಗೆ ಮದುವೆಯಾಗಿ ಮೂರು ವರ್ಷದ ಮಗಳಿದ್ದಳು. ಒಂದು ದಿನ ಬಂದು, ನೂರು ಪುಟದ ನೋಟ್‌ಬುಕ್ಕನ್ನು ಕೌಂಟರಿನ ಮೇಲಿಟ್ಟು, ನಾಲ್ಕು ಪುಟ ಝೆರಾಕ್ಸ್ ಮಾಡಿಕೊಡಿ ಎಂದಳು. ಪುಟ ತುಂಬ ಪೆನ್ಸಿಲಿನಲ್ಲಿ ಬಿಡಿಸಿದ ಕಸೂತಿ ನಮೂನೆಗಳು. ಜಂಪರಿನ, ಅಂದರೆ ರವಿಕೆಯ, ತೋಳಿಗೆ ಬಳ್ಳಿ, ಬೆನ್ನಿಗೆ ನವಿಲು, ಕತ್ತಿನ ಸುತ್ತ ಜೋಳದ ತೆನೆ. ಜೋಳದ ತೆನೆಯನ್ನು ಜಂಪರಿನ ಮೇಲೆ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಯಾರು ತಗದಾರವಾ ಇವು?"

"ನಾನೇ ರೀ ಅಕ್ಕಾ. ಹೊಲದ ಕೆಲಸ ಇಲ್ಲದಾಗ ತಗೀತೀನಿ. ಊರಾಗ ಜಂಪರ್ ಹೊಲಿಯೋರು ಒಯ್ತಾರ. ಒಂದೊಂದು ಸಲ ಮತ್ತ ಮತ್ತ ಅದೇ ತಗೀಬೇಕಾಗ್ತದ, ಕೈ ನೋಯ್ತದ. ಇದನ್ನ ಕಂಪ್ಯೂಟರ್‌ದಾಗ ತಗಿಯಾಕ ಬರ್ತದೇನ್ರಿ?"

ಬಾ ಎಂದು ಒಳಗೆ ಕರೆದು ಕೂರಿಸಿ, ಅವಳ ನವಿಲಿನ ಕತ್ತನ್ನು ಮೂರೇ ಚುಕ್ಕೆಯಲ್ಲಿ ಬಾಗಿಸಿ ತೋರಿಸಿದೆ. ಒಂದು ನವಿಲನ್ನು ಹನ್ನೆರಡು ಮಾಡಿ ಸುತ್ತಲೂ ನಿಲ್ಲಿಸಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದಳು. ಆಮೇಲೆ ಒಂದೇ ಮಾತು ಕೇಳಿದಳು: "ನಂಗ ಕಲಸ್ತೀರೇನ್ರಿ?"

ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಅವಳ ಹಿಂದೆಯೇ ಘಾಟಬೋರಾಳದ ಒಬ್ಬಳು ಬಂದಳು, ಬಿ.ಎ. ಓದಿ ಮನೆಯಲ್ಲಿದ್ದವಳು. ಆದರೆ ನನ್ನ ಕಂಪ್ಯೂಟರಿನಲ್ಲಿ ಬೆಳಗಿನಿಂದ ಸಂಜೆಯ ತನಕ ಅಂಗಡಿಯ ಕೆಲಸ. ಬಾಡಿಗೆಯ ಸಾಫ್ಟ್‌ವೇರ್ ಒಬ್ಬರ ಹೆಸರಿಗೆ ಮಾತ್ರ. ಹೊಸದಾಗಿ ಎರಡು ತೆಗೆದುಕೊಳ್ಳುವುದು ನನಗೂ ಆಗದು, ಅವರಿಗಂತೂ ಕನಸಿನ ಮಾತು. ಒಂದು ಕಾಲೇಜಿನವರು ಗುಜರಿಗೆಂದು ಹೊರಗಿಟ್ಟಿದ್ದ ಎರಡು ಹಳೆಯ ಕಂಪ್ಯೂಟರುಗಳನ್ನು ಕೇಳಿ ತಂದೆ. ಅವು ಎಷ್ಟು ಹಳೆಯವೆಂದರೆ ಹೊಸ ಆವೃತ್ತಿಯನ್ನು ಹಾಕಲು ಹೋದರೆ ಅಲ್ಲೇ ನಿಂತುಬಿಡುತ್ತಿದ್ದವು. ಆದರೆ ನನ್ನ ಡಬ್ಬಿಯ ಸಾಫ್ಟ್‌ವೇರ್ ಹುಟ್ಟಿದ್ದೇ ಅಂಥ ಕಂಪ್ಯೂಟರುಗಳ ಕಾಲದಲ್ಲಿ.

ಡಬ್ಬಿ ಇಳಿಸಿದೆ. ಧೂಳು ಒರೆಸಿದೆ. ಡಿಸ್ಕು ಹಾಕಿದೆ. ಎಲ್ಲವೂ ಸರಿಯಾಗಿ ಇಳಿಯಿತು. ಚೀಟಿಯ ಮೇಲಿನ ನಂಬರು ತುಂಬಿದೆ. ಅದು ನಂಬರನ್ನು ಪರೀಕ್ಷಿಸಲು ಕಂಪನಿಯ ಕಂಪ್ಯೂಟರನ್ನು ಹುಡುಕಿಕೊಂಡು ಹೋಯಿತು. ಹೋದದ್ದು ತಿರುಗಿ ಬರಲೇ ಇಲ್ಲ. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತ ಕೂತಿತು. ಇಬ್ಬರೂ ಹೆಣ್ಣುಮಕ್ಕಳು ನನ್ನ ಬೆನ್ನ ಹಿಂದೆ ನಿಂತು ಆ ಚಕ್ರವನ್ನೇ ನೋಡುತ್ತಿದ್ದರು. ಕೊನೆಗೆ ಬಂದ ಸಾಲಿನ ಅರ್ಥ ಇಷ್ಟು: ಈ ಆವೃತ್ತಿಗೆ ನಾವು ಈಗ ಸೇವೆ ಕೊಡುವುದಿಲ್ಲ, ಹೊಸದನ್ನು ಕೊಳ್ಳಿ.

ಡಬ್ಬಿಯ ಹಿಂದೆ ಬರೆದಿದ್ದ ಫೋನ್ ನಂಬರು ಚಾಲ್ತಿಯಲ್ಲಿರಲಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಮಾತಾಡಲು ಒಂದು ಯಂತ್ರವಿತ್ತು. ನಾನು ಹಳೆಯ ನಂಬರಿನ ವಿಷಯ ಕೇಳಿದರೆ ಅದು ಹೊಸ ಯೋಜನೆಗಳ ಪಟ್ಟಿ ಕೊಟ್ಟಿತು. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಅದೇ ಪಟ್ಟಿ. ಇಮೇಲ್ ಬರೆದೆ. ಹತ್ತು ಹನ್ನೆರಡು ದಿನಗಳ ಮೇಲೆ ಒಬ್ಬಾಕೆ ಫೋನ್ ಮಾಡಿದಳು, ಹಿಂದಿಯಲ್ಲಿ. ವಿದ್ಯಾರ್ಥಿಗಳಿಗೆ ಕಡಿಮೆ ದರದ ಯೋಜನೆ ಇದೆ ಎಂದಳು. ಒಳ್ಳೆಯದು, ಕೊಡಿ ಎಂದೆ. ಕಾಲೇಜಿನ ಇಮೇಲ್ ಬೇಕು ಎಂದಳು. ಇವರು ಕಾಲೇಜಿಗೆ ಹೋಗುವುದಿಲ್ಲ, ಒಬ್ಬಳು ಕಳೆ ಕೀಳಲು ಹೋಗುತ್ತಾಳೆ ಎಂದೆ. ಹಾಗಾದರೆ ಒಂದು ವಾರ ಪುಕ್ಕಟೆ ಬಳಸಬಹುದು ಎಂದಳು. ಒಂದು ವಾರದಲ್ಲಿ ಇವರಿಗೆ ಮೌಸ್ ಹಿಡಿಯುವುದೂ ಬರುವುದಿಲ್ಲ, ಅಲ್ಲದೆ ಅದು ಈ ಯಂತ್ರಗಳಲ್ಲಿ ನಡೆಯುವುದೂ ಇಲ್ಲ ಎಂದೆ. ನಿಮ್ಮ ಸಲಹೆಯನ್ನು ಮೇಲಿನವರಿಗೆ ತಿಳಿಸುತ್ತೇನೆ ಎಂದು ಫೋನಿಟ್ಟಳು. ನಾನು ಸಲಹೆಯನ್ನೇ ಕೊಟ್ಟಿರಲಿಲ್ಲ.

ಸಲಹೆ ಕೊಟ್ಟದ್ದು ಆಮೇಲೆ. ಆ ಕಂಪನಿಯ ಮಾಲನ್ನು ನಮ್ಮ ಕಡೆಗೆ ಮಾರುವ ಏಜೆಂಟ್ ಒಬ್ಬರಿದ್ದರು. ಕಲಬುರಗಿಯಿಂದ ಬೈಕಿನ ಮೇಲೆ ಬಂದು ಊರೂರಿನ ಡಿಸೈನ್ ಅಂಗಡಿಗಳಿಗೆ ಹೋಗುತ್ತಿದ್ದರು. ಅವರು ಬಂದಾಗ ಚಹಾ ತರಿಸಿ ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ.

"ಇದನ್ನ ನೀವೀಗ ಮಾರ್ತೀರೇನ್ರಿ?" ಡಬ್ಬಿ ತೋರಿಸಿದೆ.

"ಇಲ್ರಿ ಮ್ಯಾಡಮ್. ಇದು ಬಂದ್ ಆಗಿ ಭಾಳ ವರ್ಷ ಆತು."

"ಮಾರಂಗಿಲ್ಲ ಅಂದ್ರ ಇದರಿಂದ ನಿಮಗ ಬರೂದು ಏನೂ ಇಲ್ಲ. ಹೌದಿಲ್ಲೋ? ಅಂದಮ್ಯಾಗ ಕಲಿಯೋರಿಗೆ ಪುಕಟ್ ಬಿಡ್ರಲ್ಲ. ಹೊಸಾದು ಕೊಡ್ರಿ ಅಂತ ನಾ ಅನ್ನಾಕತ್ತಿಲ್ಲ. ಹಳೇದು, ನೀವೇ ಮೂಲಿಗಿ ಒಗದದ್ದು. ಇವರು ಇದ್ರಾಗ ಕಲೀತಾರ. ನಾಳೆ ಅಂಗಡಿ ಇಡ್ತಾರ. ಗಿರಾಕಿ ಹೊಸ ಫೈಲ್ ಕೇಳ್ತಾನ. ಆವಾಗ ನಿಮ್ಮ ಬಾಗಿಲಿಗೇ ಬರಬೇಕಲ್ಲ? ನಾ ಹಂಗೇ ಬಂದಾಕಿ."

ಅವರು ಚಹಾ ಕುಡಿದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಮ್ಯಾಡಮ್, ಖರೆ ಹೇಳ್ಲೇನು? ನಿಮ್ಮ ಮಾತು ನನ್ನ ಮ್ಯಾಗಿನವರಿಗೆ ಹೇಳಿದ್ರ ನಗ್ತಾರ. ಈ ತಿಂಗಳದ ಟಾರ್ಗೆಟ್ ಎಷ್ಟಾತು ಅಂತ ಕೇಳ್ತಾರ, ಐದ್ ವರ್ಷದ ಮ್ಯಾಲ ಬರೂ ಗಿರಾಕಿ ಯಾರಿಗೂ ಬೇಕಾಗಿಲ್ಲ. ಎಲ್ಲಾರೂ ಕ್ರ್ಯಾಕ್ ಹಾಕ್ಕೊಂತಾರ್ರಿ, ನೀವೂ ಹಾಕ್ಕೊರಿ. ಯಾರ್ ನೋಡಾಕ ಬರ್ತಾರ?"

ಮಾರುವವನೇ ಕದಿಯಲು ಹೇಳಿದ. ಕಾನೂನಿನಂತೆ ಕೊಂಡ ಡಬ್ಬಿ ಮೇಜಿನ ಮೇಲಿತ್ತು. ಅದನ್ನು ಬಳಸಲು ದಾರಿಯಿಲ್ಲ, ಕದ್ದದ್ದಕ್ಕೆ ಮಾತ್ರ ದಾರಿ ತೆರೆದಿದೆ! ಅಂದು ಇಡೀ ದಿನ ಬಂದ ಗಿರಾಕಿಗಳ ಮೇಲೆಲ್ಲ ರೇಗಿದೆ.

ರೇಗಿದ್ದರೂ ಕೊನೆಗೆ ನಾನು ಮಾಡಿದ್ದು ಅದನ್ನೇ. ದುಬಲಗುಂಡಿಯ ಹುಡುಗಿ ತೊಗರಿ ರಾಶಿಯ ದಿನಗಳನ್ನು ಮುಗಿಸಿ, ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಬಸ್ ಹಿಡಿದು ಬಂದಿದ್ದಳು. "ಇವತ್ತರೆ ಚಾಲೂ ಆತೇನ್ರಿ ಅಕ್ಕಾ?" ಎಂದಳು. ಇಂಟರ್‌ನೆಟ್ಟಿನಲ್ಲಿ ಹುಡುಕಿ ನಂಬರು ಕೇಳುವ ಬೀಗವನ್ನು ಮುರಿಯುವ ಒಂದು ಕ್ರ್ಯಾಕ್ ಇಳಿಸಿಕೊಂಡು ಎರಡೂ ಹಳೆಯ ಕಂಪ್ಯೂಟರುಗಳಿಗೆ ಹಾಕಿದೆ. ಚಾಲೂ ಆಯಿತು. ಮೂರು ವಾರ ಅವರು ಸಂತೋಷದಿಂದ ಕಲಿತರು. ಆ ಹುಡುಗಿಯ ಕೈ ನನಗಿಂತ ಚುರುಕು. ಅವರು ಬಿಡಿಸಿದ್ದನ್ನು ಪೆನ್ ಡ್ರೈವಿನಲ್ಲಿ ತಂದು ನನ್ನ ಕಂಪ್ಯೂಟರಿನಲ್ಲಿ ಪ್ರಿಂಟ್ ಹಾಕುತ್ತಿದ್ದೆ.

ಕ್ರ್ಯಾಕಿನೊಳಗಿದ್ದ ವೈರಸ್ ಆ ಪೆನ್ ಡ್ರೈವಿನ ಜೊತೆ ಬಂದದ್ದು ಒಂದು ದಿನ ಬೆಳಿಗ್ಗೆ ಗೊತ್ತಾಯಿತು. ನನ್ನ ಕಂಪ್ಯೂಟರಿನಲ್ಲಿದ್ದ ಒಂದೂ ಫೈಲು ತೆರೆಯಲಿಲ್ಲ. ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿದ್ದವು. ನಕಲು ಇಟ್ಟಿದ್ದ ಡಿಸ್ಕನ್ನು ನಾನು ಬುದ್ಧಿಯಿಲ್ಲದೆ ಅದಕ್ಕೇ ಜೋಡಿಸಿಟ್ಟಿದ್ದೆ, ಅದೂ ಹೋಗಿತ್ತು. ಲಗ್ನಪತ್ರಿಕೆಗಳನ್ನು ಮತ್ತೆ ಮಾಡಬಹುದು. ಆದರೆ ಅದರಲ್ಲಿ ಒಂದು ಪುಸ್ತಕವಿತ್ತು.

ಮುಡಬಿಯ ನಿವೃತ್ತ ಮಾಸ್ತರರೊಬ್ಬರ ಪುಸ್ತಕ. ತಮ್ಮ ತಾಯಿ ಹೊಲದಲ್ಲಿ, ಬೀಸುವಾಗ, ಭಜನೆಯಲ್ಲಿ ಹಾಡುತ್ತಿದ್ದ ಹಾಡುಗಳನ್ನು ಅವರು ಮೂರು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ತಾಯಿ ತೀರಿಕೊಂಡಿದ್ದರು. ವರ್ಷಾಂತಿಕದ ದಿನ ಬಂದವರಿಗೆಲ್ಲ ಆ ಪುಸ್ತಕ ಕೊಡಬೇಕೆಂದು ಅವರ ಆಸೆ. ಮುಕ್ಕಾಲು ಪಾಲು ಕೆಲಸ ಮುಗಿದಿತ್ತು. ವರ್ಷಾಂತಿಕಕ್ಕೆ ಉಳಿದಿದ್ದು ಹದಿನೆಂಟು ದಿನ.

ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಅವರು ವಾರಕ್ಕೊಮ್ಮೆ ಬಸವಕಲ್ಯಾಣಕ್ಕೆ ಬರುವುದು ಗೊತ್ತಿತ್ತು. ಬಸ್ ಹತ್ತಿ ಹೋಗಿ, ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಅವರೆದುರು ಕೂತು, ಕದ್ದ ಸಾಫ್ಟ್‌ವೇರಿನಿಂದ ಫೈಲುಗಳೆಲ್ಲ ಹೋದವು ಎಂದು ಹೇಳಿದೆ. ಅವರು ಅರ್ಧ ಕುಡಿದ ಚಹಾ ಪಕ್ಕಕ್ಕೆ ಸರಿಸಿದರು.

"ನನ್ನ ನೋಟ್‌ಬುಕ್ ಅವೋ ಇಲ್ಲೋ?"

"ಅವ ರೀ ಸರ್. ಮೂರೂ ಅವ."

"ಅವ ಅಂದ್ರ ಮತ್ತ ಮಾಡು. ತಾರೀಖ ಮಾತ್ರ ಬದಲಾಗಂಗಿಲ್ಲ. ಬೀಗರಿಗೆಲ್ಲ ಹೇಳೀನಿ." ನನ್ನ ಮುಖವನ್ನೇ ನೋಡುತ್ತ ಕೇಳಿದರು: "ಅಲ್ಲ ತಂಗೀ, ನೀ ಕಲ್ತಾಕಿ. ಕದ್ದ ಮಾಲು ಮನಿಯಾಗ ಯಾಕ ತಂದಿ?"

ಡಬ್ಬಿಯ ಕಥೆ, ಯಂತ್ರದ ಕಥೆ, ಏಜೆಂಟನ ಕಥೆ, ಎಲ್ಲ ಗಂಟಲ ತನಕ ಬಂತು. ಅವರಿಗೆ ಅದರಿಂದ ಏನಾಗಬೇಕು? ತಪ್ಪಾಯಿತು ಎಂದಷ್ಟೇ ಹೇಳಿದೆ. ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಇಟ್ಟು ಅತ್ತೆ. ಮಾಡಿದ ತಪ್ಪು ನನ್ನದೇ ಎಂಬುದಕ್ಕೆ ಅರ್ಧ ಅಳು. ಈ ತಪ್ಪಿಗೆ ನನ್ನನ್ನು ಕೈಹಿಡಿದು ಕರೆತಂದವರು ಯಾರೂ ಯಾವ ಮಾಸ್ತರರ ಎದುರಿಗೂ ಕೂರಬೇಕಾಗಿಲ್ಲವಲ್ಲ ಎಂಬ ಸಿಟ್ಟು ಉಳಿದರ್ಧ.

ಮರುದಿನ ಮೂರೂ ಕಂಪ್ಯೂಟರುಗಳನ್ನು ತೊಳೆದ ಹಾಗೆ ಖಾಲಿ ಮಾಡಿಸಿದೆ. ಅದನ್ನು ಮಾಡಿಕೊಟ್ಟ ರಿಪೇರಿಯವರೇ ಒಂದು ಮಾತು ಹೇಳಿದರು. ಜಗತ್ತಿನ ಬೇರೆ ಬೇರೆ ಕಡೆಯ ಜನ ಸೇರಿ ಮಾಡಿದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಇಂಥದ್ದೇ ಸಾಫ್ಟ್‌ವೇರುಗಳಿವೆ, ಹಾಕಿಕೊಡಲೇ ಎಂದರು. ನಾನು ಅವುಗಳ ಹೆಸರು ಕೇಳಿದ್ದೆ, ಮೂಗು ಮುರಿದಿದ್ದೆ. ಈಗ ಮೂಗು ಮುರಿಯುವ ಸ್ಥಿತಿಯಲ್ಲಿರಲಿಲ್ಲ. ನನ್ನದಕ್ಕೆ ಬಾಡಿಗೆಯದ್ದನ್ನು ಮತ್ತೆ ಹಾಕಿಸಿ, ಹಳೆಯ ಎರಡಕ್ಕೂ ಅವನ್ನೇ ಹಾಕಿಸಿದೆ.

ಅದರಲ್ಲಿ ಕಲಿಸಲು ಕೂತ ಮೊದಲ ದಿನ ನನಗೆ ಕೈ ಕಟ್ಟಿ ಹಾಕಿದ ಹಾಗಾಯಿತು. ಬೇಕಾದ ಗುಂಡಿ ಬೇಕಾದ ಜಾಗದಲ್ಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸವೇ ಅಡ್ಡ ಬರುತ್ತಿತ್ತು. ಆ ಇಬ್ಬರಿಗೆ ಅಂಥದ್ದೇನೂ ಇರಲಿಲ್ಲ. ಮೂರು ವಾರದಲ್ಲಿ ಕಲಿತದ್ದು ಎಷ್ಟಿದ್ದೀತು? ಎರಡು ದಿನದಲ್ಲಿ ಮರೆತು ಹೊಸದಕ್ಕೆ ಹೊಂದಿಕೊಂಡರು. ನನ್ನ ಹಳೆಯ ಸಾಫ್ಟ್‌ವೇರಿನಲ್ಲಿ ಒಡೆದು ಬೇರೆಯಾಗುತ್ತಿದ್ದ ಒತ್ತಕ್ಷರಗಳು ಇದರಲ್ಲಿ ಸರಿಯಾಗಿ ಕೂತವು. ಅದನ್ನು ಒಪ್ಪಿಕೊಳ್ಳುವುದಕ್ಕೂ ನನಗೆ ಕಷ್ಟವಾಯಿತು.

ಮೂವರೂ ಒಂದೊಂದು ನೋಟ್‌ಬುಕ್ ಹಂಚಿಕೊಂಡು ಹಾಡುಗಳನ್ನು ಮೊದಲಿನಿಂದ ಟೈಪ್ ಮಾಡಿದೆವು. ಮಾಸ್ತರರ ಅಕ್ಷರ ಇರುವೆ ಸಾಲಿನ ಹಾಗೆ. ಮೊದಲ ಸಲ ನಾನು ತಿಳಿಯದ ಕಡೆ ಊಹಿಸಿ ಬರೆದಿದ್ದೆ. ದುಬಲಗುಂಡಿಯ ಹುಡುಗಿ ಊಹಿಸಲಿಲ್ಲ. ಅವಳಿಗೆ ಅರ್ಧಕ್ಕರ್ಧ ಹಾಡುಗಳು ಗೊತ್ತಿದ್ದವು. ಒಂದು ಕಡೆ ನಿಂತು, ಮೆಲ್ಲಗೆ ಎರಡು ಸಾಲು ಹಾಡಿಕೊಂಡು, "ಅಕ್ಕಾ, ಇಲ್ಲಿ 'ಕಣ್ಣು' ಅಲ್ರಿ, 'ಕಣ' ಅದ. ಕಣದ ಹಾಡು ಇದು. ಸುಗ್ಗಿಯಾಗ ನಾವೂ ಅಂತೀವಿ," ಎಂದಳು. ನಾನು ಮೊದಲ ಸಲ ಎಲ್ಲ ಕಡೆಯೂ ಕಣ್ಣು ಎಂದೇ ಹಾಕಿದ್ದೆ. ಆ ಪುಸ್ತಕ ಹಾಗೆಯೇ ಅಚ್ಚಾಗಿದ್ದರೆ ಮಾಸ್ತರರ ತಾಯಿ ಕಣವಿಲ್ಲದೆ ರಾಶಿ ಮಾಡಿದಂತಾಗುತ್ತಿತ್ತು.

ಮುಖಪುಟಕ್ಕೆ ಅವಳು ತನ್ನ ಜೋಳದ ತೆನೆಯನ್ನೇ ಬಿಡಿಸಿದಳು. ಪುಸ್ತಕ ವರ್ಷಾಂತಿಕದ ಹಿಂದಿನ ದಿನ ಮಧ್ಯಾಹ್ನ ಅಚ್ಚಾಗಿ ಬಂತು. ಮಾಸ್ತರರು ಎಲ್ಲ ಪುಟ ತಿರುವಿ, ಹೊಗಳದೆ, ತಮ್ಮ ಊರಿನ ಹೆಸರಿನಲ್ಲಿ ಒಂದು ಕೊಂಬು ಬಿಟ್ಟುಹೋಗಿದೆ ಎಂದು ತೋರಿಸಿದರು. ನಿಜ, ಬಿಟ್ಟುಹೋಗಿತ್ತು. ಆದರೂ ಕಣದ ಹಾಡು ಇದ್ದ ಪುಟದ ಮೇಲೆ ಅಂಗೈ ಇಟ್ಟು ಒಮ್ಮೆ ಸವರಿದರು.

ಇದಾಗಿ ಎರಡು ವರ್ಷ. ಘಾಟಬೋರಾಳದವಳು ಬೀದರಿನ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾಳೆ. ದುಬಲಗುಂಡಿಯವಳು ತನ್ನೂರಿನಲ್ಲೇ ಟೇಲರ್ ಅಂಗಡಿಯ ಒಂದು ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಆ ಪುಕ್ಕಟೆ ಸಾಫ್ಟ್‌ವೇರಿನಲ್ಲೇ ಕಸೂತಿ ನಮೂನೆ ಮಾಡಿ ಹುಮನಾಬಾದ್, ಬಸವಕಲ್ಯಾಣದ ಟೇಲರುಗಳಿಗೆಲ್ಲ ಕಳಿಸುತ್ತಾಳೆ. ಈಗ ಹೊಸ ಕಂಪ್ಯೂಟರನ್ನೂ ತೆಗೆದುಕೊಂಡಿದ್ದಾಳೆ. ಅಂದರೆ ಕಂಪನಿಯವರಿಗೆ ಬೇಕಾದ ಗಿರಾಕಿ ತಯಾರಾಗಿದ್ದಾಳೆ.

ಕಳೆದ ತಿಂಗಳು ಆ ಏಜೆಂಟರು ಮತ್ತೆ ಬಂದಾಗ ಅವಳು ನನ್ನ ಅಂಗಡಿಯಲ್ಲೇ ಇದ್ದಳು. ಅವಳ ಧಂದೆಯ ವಿಷಯ ತಿಳಿದು ಅವರ ಮುಖ ಅರಳಿತು. ಮೊಬೈಲ್ ತೆಗೆದು ಹೊಸ ಯೋಜನೆ ತೋರಿಸಿದರು, ಮೊದಲ ವರ್ಷಕ್ಕೆ ರಿಯಾಯಿತಿ ಎಂದರು. ಅವಳು ಮರ್ಯಾದೆಯಿಂದ ಪೂರ್ತಿ ಕೇಳಿದಳು.

"ಚಲೋ ಅದ ರೀ ಸರ್. ಆದ್ರ ನಂಗ ಅದು ಬರಂಗಿಲ್ಲ. ನನ್ನ ಕೆಲಸ ಇದ್ರಾಗೇ ಆಗ್ತದ."

"ಕಲೀಬಹುದಲ್ರಿ. ಭಾಳ ಸುಲಭ ಅದ."

"ಈಗ ಕಲಿಯಾಕ ಟೈಮ್ ಎಲ್ಲದ ರೀ? ಕಲೀಬೇಕು ಅಂದಾಗ ನಿಮ್ದು ಸಿಗಲಿಲ್ಲ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ನನಗೆ. ಏಜೆಂಟರು ನನ್ನ ಕಡೆ ತಿರುಗಿ, "ನೀವರೆ ಹೇಳ್ರಿ ಮ್ಯಾಡಮ್," ಎಂದರು. "ನಾ ಹೇಳಿದ್ನಿ. ಅವತ್ತು ನಿಮಗೇ ಹೇಳಿದ್ನಿ," ಎಂದೆ. ದನಿ ಜೋರಾಯಿತು. ಝೆರಾಕ್ಸಿಗೆ ನಿಂತವರು ತಿರುಗಿ ನೋಡಿದರು.

ಇದರಲ್ಲಿ ನಾನು ಗೆದ್ದೆ ಎಂದು ಯಾರಾದರೂ ತಿಳಿದರೆ ತಪ್ಪು. ಅವಳು ಕಳಿಸುವ ಫೈಲು ನನ್ನ ಬಾಡಿಗೆಯ ಸಾಫ್ಟ್‌ವೇರಿನಲ್ಲಿ ತೆರೆದರೆ ಬಣ್ಣ ಬದಲಾಗುತ್ತದೆ, ನಾನು ಕಳಿಸಿದ್ದು ಅವಳಲ್ಲಿ ಅರ್ಧ ಕಾಣುವುದಿಲ್ಲ. ವಾರಕ್ಕೆ ಎರಡು ಸಲವಾದರೂ ಫೋನಿನಲ್ಲಿ ಜಗಳವಾಡುತ್ತೇವೆ. ನಾನಿನ್ನೂ ತಿಂಗಳು ತಿಂಗಳು ಕಟ್ಟುತ್ತಲೇ ಇದ್ದೇನೆ, ಈ ವಯಸ್ಸಿನಲ್ಲಿ ನನ್ನ ಕೈ ಬೇರೆಯದನ್ನು ಕೇಳುವುದಿಲ್ಲ. ಆ ಹುಡುಗಿಯ ಕೈ ನನ್ನ ಹಳೆಯ ಸಾಫ್ಟ್‌ವೇರಿನ ಗೆರೆಯ ಮೇಲೆ ಓಡಿದ ಮೂರು ವಾರ ನನಗೆ ಮರೆಯುವುದಿಲ್ಲ. ಅವಳಿಗೆ ಅದು ಮರೆತೇಹೋಗಿದೆ. ಅದಕ್ಕೇ ನನಗೆ ಹೆಚ್ಚು ಬೇಸರ.

ಮೊನ್ನೆ ಕಂಪನಿಗೆ ಇನ್ನೊಮ್ಮೆ ಬರೆದೆ. ಹಳೆಯ ಆವೃತ್ತಿಯನ್ನು ಕಲಿಯುವವರಿಗೆ ಬಿಟ್ಟುಕೊಡಿ, ಈಗ ಮತ್ತೆ ಐದು ಜನ ಹೆಣ್ಣುಮಕ್ಕಳು ಕಲಿಯಲು ಬಂದಿದ್ದಾರೆ ಎಂದು. ನಿಮ್ಮ ಪತ್ರ ತಲುಪಿದೆ ಎಂದು ಕೂಡಲೇ ಉತ್ತರ ಬಂತು, ಕೆಳಗೆ ಹೊಸ ಯೋಜನೆಗಳ ಪಟ್ಟಿ ಇತ್ತು. ಸೋಮವಾರದಿಂದ ಆ ಐವರಿಗೆ ಪುಕ್ಕಟೆಯದ್ದರಲ್ಲೇ ಪಾಠ ಶುರು ಮಾಡಿದೆ. ಅದರಲ್ಲಿ ಗೆರೆ ಬಾಗಿಸುವುದನ್ನು ನಾನೇ ಇನ್ನೂ ಸರಿಯಾಗಿ ಕಲಿಯಬೇಕಾಗಿದೆ. ದುಬಲಗುಂಡಿಯವಳು ಗುರುವಾರ ಬಂದು ತೋರಿಸಿಕೊಡುತ್ತೇನೆ ಎಂದಿದ್ದಾಳೆ.